ದಂತಕಾಷ್ಠದಿಂದ ಹಲ್ಲುಪುಡಿಯವರೆಗೆ: ಬಾಯಿಶುಚಿಯ ಚರಿತ್ರೆ

ಅರಸುಮನೆತನಗಳ ಏಳುಬೀಳು, ದತ್ತಿಶಾಸನಗಳು, ದೇವಾಲಯಗಳ ವಾಸ್ತು ಇವುಗಳ ಅಧ್ಯಯನಕ್ಕೆ ದೊರೆತಿರುವ ಗಮನ ಜನರ ನಿತ್ಯಕರ್ಮಗಳ ಚರಿತ್ರೆಗೆ ದೊರೆತಿಲ್ಲ. ಬೆಳಗ್ಗೆ ಎದ್ದವರು ಹಲ್ಲನ್ನು ಯಾವುದರಿಂದ ಉಜ್ಜುತ್ತಿದ್ದರು, ಬಾಯಿಯ ದುರ್ಗಂಧವನ್ನು ಹೇಗೆ ನೀಗಿಕೊಳ್ಳುತ್ತಿದ್ದರು ಎಂಬ ಪ್ರಶ್ನೆಗಳು ಮೇಲುನೋಟಕ್ಕೆ ಕ್ಷುಲ್ಲಕವಾಗಿ ತೋರಬಹುದು. ಆದರೆ ವೈದ್ಯಸಂಹಿತೆಗಳು, ಬೌದ್ಧ ಮತ್ತು ಜೈನ ಸಂಘಗಳ ಆಚಾರಗ್ರಂಥಗಳು, ಧರ್ಮಶಾಸ್ತ್ರಗಳು, ವಿದೇಶಿ ಯಾತ್ರಿಕರ ಬರಹಗಳು ಇವೆಲ್ಲವೂ ಈ ಪ್ರಶ್ನೆಗಳನ್ನು ಗಂಭೀರವಾಗಿಯೇ ಎತ್ತಿಕೊಂಡಿವೆ. ಬಾಯಿಯ ಶುಚಿತ್ವವು ಆರೋಗ್ಯದ ವಿಷಯವಾಗಿರುವಂತೆಯೇ ಮನುಷ್ಯರು ಒಬ್ಬರನ್ನೊಬ್ಬರು ಅಳೆಯುವ ಮಾನದಂಡವೂ ಆಗಿತ್ತೆಂಬುದು ಈ ಆಕರಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಸ್ಪಷ್ಟವಾಗುತ್ತದೆ.

ಹಲ್ಲಿನ ಚಿಕಿತ್ಸೆಯ ಪ್ರಾಚೀನತೆಯನ್ನು ಉತ್ಖನನಗಳೇ ಸಾರುತ್ತವೆ. ಇಂದಿನ ಪಾಕಿಸ್ತಾನದ ಬಲೂಚಿಸ್ತಾನದಲ್ಲಿರುವ ಮೆಹರ್‌ಗಢದ ನವಶಿಲಾಯುಗದ ಸಮಾಧಿಗಳಲ್ಲಿ ಒಂಬತ್ತು ಮಂದಿಯ ಹನ್ನೊಂದು ದವಡೆಹಲ್ಲುಗಳಲ್ಲಿ ಕಲ್ಲಿನ ಮೊನೆಯಿಂದ ಕೊರೆದ ರಂಧ್ರಗಳು ಕಂಡುಬಂದಿದ್ದು, ಈ ಶೋಧದ ವರದಿ 2006ರಲ್ಲಿ ಪ್ರಕಟವಾಯಿತು. ಇದು ಏಳೂವರೆ ಸಾವಿರ ವರ್ಷಗಳಿಗೂ ಹಿಂದಿನ ಸಂಗತಿ. ಆದರೆ ಕೆಟ್ಟ ಹಲ್ಲನ್ನು ಕೊರೆಯುವುದು ಬೇರೆ, ಹಲ್ಲು ಕೆಡದಂತೆ ದಿನನಿತ್ಯ ನೋಡಿಕೊಳ್ಳುವುದು ಬೇರೆ. ಎರಡನೆಯದಕ್ಕೆ ಆಧಾರಗಳು ದೊರೆಯಲಾರಂಭಿಸುವುದು ಬಹುಕಾಲದ ಅನಂತರ, ಬರಹದ ಆಕರಗಳಲ್ಲಿ.

ಇವುಗಳಲ್ಲಿ ಪಾಲಿ ವಿನಯಪಿಟಕದ ಚುಲ್ಲವಗ್ಗವು ವಿಶೇಷವಾಗಿ ಉಲ್ಲೇಖಾರ್ಹ. ಹಲ್ಲುಕಡ್ಡಿಯನ್ನು ಅಗಿಯದ ಭಿಕ್ಷುಗಳ ಬಾಯಿ ನಾರತೊಡಗಿದಾಗ ಬುದ್ಧನು ಅದರ ಬಳಕೆಗೆ ಅನುಮತಿಯಿತ್ತನೆಂದು ಅಲ್ಲಿ ಹೇಳಲಾಗಿದೆ. ಅಗಿಯದಿರುವುದರಿಂದ ಐದು ಕೆಡುಕುಗಳು: ಕಣ್ಣಿಗೆ ಹಿತವಲ್ಲ, ಬಾಯಿ ನಾರುತ್ತದೆ, ರುಚಿವಾಹಿನಿಗಳು ಶುದ್ಧವಾಗುವುದಿಲ್ಲ, ಪಿತ್ತಶ್ಲೇಷ್ಮಗಳು ಅನ್ನವನ್ನು ಆವರಿಸುತ್ತವೆ, ಊಟ ರುಚಿಸುವುದಿಲ್ಲ. ಇದಕ್ಕಿಂತಲೂ ಸ್ವಾರಸ್ಯವಾದುದು ಕಡ್ಡಿಯ ಉದ್ದವನ್ನು ಕುರಿತ ನಿಯಮ. ಕೆಲವು ಭಿಕ್ಷುಗಳು ಉದ್ದನೆಯ ಕಡ್ಡಿಗಳನ್ನು ಇಟ್ಟುಕೊಂಡು ಅವುಗಳಿಂದಲೇ ಕಿರಿಯ ಸಾಮಣೇರರನ್ನು ಹೊಡೆಯುತ್ತಿದ್ದುದರಿಂದ ಉದ್ದವು ಎಂಟು ಅಂಗುಲವನ್ನು ಮೀರಬಾರದೆಂದು ವಿಧಿಸಲಾಯಿತು. ತೀರ ಗಿಡ್ಡನೆಯ ಕಡ್ಡಿಯನ್ನು ಅಗಿಯುತ್ತಿದ್ದ ಭಿಕ್ಷುವೊಬ್ಬನ ಗಂಟಲಲ್ಲಿ ಅದು ಸಿಕ್ಕಿಕೊಂಡದ್ದರಿಂದ ನಾಲ್ಕು ಅಂಗುಲಕ್ಕಿಂತ ಕಡಿಮೆಯಿರಬಾರದೆಂಬ ಇನ್ನೊಂದು ನಿಯಮವೂ ಬಂದಿತು. ಶಾಸ್ತ್ರದ ಕಟ್ಟಳೆಗಳ ಹಿಂದೆ ಎಷ್ಟು ಸಾಮಾನ್ಯವಾದ ಅನುಭವಗಳಿರುತ್ತವೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗಲಾರದು.

ವೈದ್ಯಸಂಹಿತೆಗಳಲ್ಲಿ ಈ ವಿಷಯ ಶಿಸ್ತುಬದ್ಧವಾಗಿ ನಿರೂಪಿತವಾಗಿದೆ. ಚರಕಸಂಹಿತೆಯ ಸೂತ್ರಸ್ಥಾನದ ಐದನೆಯ ಅಧ್ಯಾಯವು ದಿನಕ್ಕೆ ಎರಡು ಹೊತ್ತು ದಂತಧಾವನ ಮಾಡಬೇಕೆನ್ನುತ್ತದೆ. ಕಡ್ಡಿ ಒಗರು, ಖಾರ ಅಥವಾ ಕಹಿ ರಸದ್ದಾಗಿರಬೇಕು, ತುದಿಯನ್ನು ಜಜ್ಜಿ ಕುಂಚದಂತೆ ಮಾಡಿರಬೇಕು, ಒಸಡಿಗೆ ನೋವಾಗಬಾರದು. ಹೊಂಗೆ, ಕಣಗಿಲೆ, ಎಕ್ಕ, ಮತ್ತಿಯ ಜಾತಿಯ ಮರಗಳು ಅದರ ಪಟ್ಟಿಯಲ್ಲಿವೆ. ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನವು ಹನ್ನೆರಡು ಅಂಗುಲ ಉದ್ದದ, ಕಿರುಬೆರಳಿನಷ್ಟು ದಪ್ಪದ, ಗಂಟಿಲ್ಲದ ನೇರವಾದ ಕಡ್ಡಿಯನ್ನು ಸೂಚಿಸಿ, ಕಹಿಯಲ್ಲಿ ಬೇವು, ಒಗರಿನಲ್ಲಿ ಕಗ್ಗಲಿ, ಸಿಹಿಯಲ್ಲಿ ಹಿಪ್ಪೆ, ಖಾರದಲ್ಲಿ ಹೊಂಗೆ ಶ್ರೇಷ್ಠವೆಂದು ಆಯ್ಕೆಯನ್ನೂ ಹೇಳುತ್ತದೆ. ಒಂದೊಂದು ಹಲ್ಲನ್ನೂ ಬೇರೆಬೇರೆಯಾಗಿ, ಮೃದುವಾದ ಕುಂಚದಿಂದ ತಿಕ್ಕಬೇಕೆಂಬ ಅದರ ಸೂಚನೆಯನ್ನು ಇಂದಿನ ದಂತವೈದ್ಯರೂ ರೋಗಿಗಳಿಗೆ ಹೇಳುತ್ತಾರೆ. ಬಾಯಿಹುಣ್ಣು, ಗಂಟಲುಬೇನೆ, ಕೆಮ್ಮು, ಬಿಕ್ಕಳಿಕೆ, ವಾಂತಿ ಇರುವವರು ಕಡ್ಡಿಯನ್ನು ಬಳಸಬಾರದೆಂಬ ಎಚ್ಚರಿಕೆಯೂ ಅಲ್ಲಿದೆ. ಬಾಯಿಯ ಏಳು ಸ್ಥಾನಗಳಲ್ಲಿ ಅರವತ್ತೈದು ರೋಗಗಳನ್ನು ಎಣಿಸಿದ ಸುಶ್ರುತನು ಹಲ್ಲಿಗೆ ಕಟ್ಟಿಕೊಳ್ಳುವ ಗಟ್ಟಿ ಪಾಚಿಯನ್ನು ದಂತಶರ್ಕರಾ ಎಂದೂ, ಒಸಡಿನಿಂದ ರಕ್ತ ಒಸರಿ ದುರ್ಗಂಧ ಬರುವ ಬೇನೆಯನ್ನು ಶೀತಾದವೆಂದೂ ಗುರುತಿಸಿದ್ದಾನೆ.

ಬಾಯಿಯ ದುರ್ಗಂಧದ ಮೂಲವನ್ನು ಕುರಿತು ಚರಕಸಂಹಿತೆ ಹೇಳುವ ಮಾತು ಇಲ್ಲಿ ಮುಖ್ಯವಾಗುತ್ತದೆ. ನಾಲಗೆಯ ಬುಡದಲ್ಲಿ ಸೇರಿಕೊಳ್ಳುವ ಮಲವೇ ಉಸಿರಿಗೆ ಕೆಟ್ಟ ವಾಸನೆಯನ್ನು ತರುತ್ತದೆ, ಆದುದರಿಂದ ನಾಲಗೆಯನ್ನು ಹೆರೆದು ಶುದ್ಧಮಾಡಬೇಕು ಎಂಬುದು ಅದರ ನಿಲುವು. ಹೆರೆಯುವ ಸಾಧನವು ಚಿನ್ನ, ಬೆಳ್ಳಿ, ತಾಮ್ರ, ತವರ ಅಥವಾ ಹಿತ್ತಾಳೆಯದಾಗಿದ್ದು ಬಾಗಿದ, ಹರಿತವಲ್ಲದ ಅಂಚನ್ನು ಹೊಂದಿರಬೇಕು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದ ಸಂಶೋಧನೆಗಳು ಬಾಯಿವಾಸನೆಯ ಬಹುಪಾಲು ಪ್ರಕರಣಗಳ ಮೂಲ ಹೊಟ್ಟೆಯಲ್ಲಿಲ್ಲ, ಬಾಯಿಯಲ್ಲಿಯೇ ಇದೆ ಎಂಬುದನ್ನು ಸ್ಥಾಪಿಸಿದವು. ಆಮ್ಲಜನಕವಿಲ್ಲದೆ ಬದುಕುವ ಬ್ಯಾಕ್ಟೀರಿಯಾಗಳು ನಾಲಗೆಯ ಹಿಂಭಾಗದಲ್ಲಿ, ಒಸಡಿನ ಸಂದುಗಳಲ್ಲಿ ನೆಲೆಸಿ, ಆಹಾರದ ಮತ್ತು ಜೊಲ್ಲಿನ ಪ್ರೋಟೀನುಗಳನ್ನು ಒಡೆದು ಹೈಡ್ರೋಜನ್ ಸಲ್ಫೈಡ್, ಮೀಥೈಲ್ ಮರ್ಕಾಪ್ಟನ್ ಮೊದಲಾದ ಗಂಧಕಯುಕ್ತ ಅನಿಲಗಳನ್ನು ಬಿಡುತ್ತವೆ. ನಿದ್ದೆಯಲ್ಲಿ ಜೊಲ್ಲು ಕಡಿಮೆಯಾಗುವುದರಿಂದ ಬೆಳಗಿನ ಬಾಯಿ ಹೆಚ್ಚು ನಾರುತ್ತದೆ. ಚರಕಸಂಹಿತೆಗೆ ಬ್ಯಾಕ್ಟೀರಿಯಾದ ಕಲ್ಪನೆಯಿತ್ತೆಂದು ಇದರಿಂದ ಹೇಳಲು ಹೊರಡುವುದು ಅತಿರೇಕವಾದೀತು. ಅಂತಹ ಪ್ರತಿಪಾದನೆಗಳಿಂದ ಪ್ರಾಚೀನ ವೈದ್ಯದ ಗೌರವ ಹೆಚ್ಚುವುದೂ ಇಲ್ಲ. ಕಾರಣ ತಿಳಿಯದೆಯೂ ಸ್ಥಳವನ್ನು ಸರಿಯಾಗಿ ಗುರುತಿಸಿದ ಅವಲೋಕನಶಕ್ತಿಯೇ ಅದರ ಹಿರಿಮೆ.

ಗ್ರಂಥದಲ್ಲಿ ವಿಧಿಸಿದ್ದು ಆಚರಣೆಯಲ್ಲಿತ್ತೇ ಎಂಬ ಪ್ರಶ್ನೆಗೆ ಚೀನಾದ ಯಾತ್ರಿಕ ಇತ್ಸಿಂಗನ ಬರಹ ಉತ್ತರ ನೀಡುತ್ತದೆ. 671ರಲ್ಲಿ ಸ್ವದೇಶವನ್ನು ಬಿಟ್ಟು ಹೊರಟ ಆತ ನಾಲಂದಾದಲ್ಲಿ ಸುಮಾರು ಹತ್ತು ವರ್ಷ ನೆಲೆಸಿದ್ದನು. ಭಾರತದ ಬೌದ್ಧಾಚಾರಗಳನ್ನು ಕುರಿತ ತನ್ನ ಗ್ರಂಥದಲ್ಲಿ ಹಲ್ಲುಕಡ್ಡಿಗೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದಾನೆ. ಕಡ್ಡಿಯ ಒಂದು ತುದಿಯನ್ನು ಮೆಲ್ಲಗೆ ಅಗಿದು ಹಲ್ಲುಗಳನ್ನು ಉಜ್ಜಿ, ಅನಂತರ ಅದನ್ನೇ ಸೀಳಿ ಬಾಗಿಸಿ ನಾಲಗೆಯನ್ನು ಹೆರೆಯುವ ಕ್ರಮವನ್ನು ಕಣ್ಣಿಗೆ ಕಟ್ಟುವಂತೆ ವರ್ಣಿಸುತ್ತಾನೆ. ಬಾಯಿ ಶುದ್ಧವಾಗುವವರೆಗೆ ಗುರುಹಿರಿಯರಿಗೆ ವಂದಿಸುವಂತಿರಲಿಲ್ಲ. ಚೀನಾದಲ್ಲಿ ಇದನ್ನು ವಿಲ್ಲೋ ಮರದ ಕಡ್ಡಿಯೆಂದು ತಪ್ಪಾಗಿ ಕರೆಯುತ್ತಾರೆಂದು ಸ್ವದೇಶೀಯರನ್ನು ತಿದ್ದುವುದನ್ನೂ ಆತ ಮರೆತಿಲ್ಲ.

ಧರ್ಮಶಾಸ್ತ್ರಗಳಲ್ಲಿ ಇದೇ ಕ್ರಿಯೆ ಬೇರೊಂದು ರೂಪವನ್ನು ತಾಳುತ್ತದೆ. ಅಲ್ಲಿ ಹಲ್ಲುಜ್ಜುವುದು ಶೌಚವಿಧಿಯ ಅಂಗ. ಕಡ್ಡಿಯನ್ನು ಮುರಿಯುವ ಮೊದಲು ಮರವನ್ನು ಆಯುಸ್ಸು, ಬಲ, ಯಶಸ್ಸುಗಳಿಗಾಗಿ ಪ್ರಾರ್ಥಿಸಬೇಕು. ಅಮಾವಾಸ್ಯೆ, ಪಾಡ್ಯ, ಷಷ್ಠಿ, ನವಮಿಗಳಂದು, ಶ್ರಾದ್ಧ ಮತ್ತು ಉಪವಾಸದ ದಿನಗಳಂದು ಕಡ್ಡಿಯನ್ನು ಬಳಸಬಾರದು. ಅಂದು ಹನ್ನೆರಡು ಬಾರಿ ಬಾಯಿ ಮುಕ್ಕಳಿಸಿದರೆ ಸಾಕು. ಆರನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿಯಂತೂ ದಂತಕಾಷ್ಠವು ಶಕುನಶಾಸ್ತ್ರದ ವಿಷಯವೇ ಆಗಿಬಿಟ್ಟಿದೆ. ಯಾವ ಮರದ ಕಡ್ಡಿಯಿಂದ ಯಾವ ಫಲ, ಬಿಸುಟ ಕಡ್ಡಿ ಹೇಗೆ ಬಿದ್ದರೆ ಏನು ಸೂಚನೆ ಎಂಬ ವಿವರಗಳು ಅಲ್ಲಿವೆ. ವೈದ್ಯನು ಒಸಡನ್ನು ನೋಡುತ್ತಿದ್ದರೆ ಧರ್ಮಶಾಸ್ತ್ರಕಾರನು ತಿಥಿಯನ್ನು ನೋಡುತ್ತಿದ್ದನು. ಇವೆರಡನ್ನೂ ಒಂದೇ ಪರಂಪರೆಯೆಂದು ಕಲಸಿ ಹೇಳುವ ಇತ್ತೀಚಿನ ಜನಪ್ರಿಯ ಬರಹಗಳು ಈ ವ್ಯತ್ಯಾಸವನ್ನು ಮರೆಮಾಚುತ್ತವೆ.

ಕರ್ನಾಟಕದ ಮಟ್ಟಿಗೆ ಅತ್ಯಂತ ಕುತೂಹಲಕರವಾದ ಆಕರವೆಂದರೆ ಹಲ್ಲುಜ್ಜುವುದನ್ನು ವಿಧಿಸುವ ಗ್ರಂಥವಲ್ಲ, ನಿಷೇಧಿಸುವ ಗ್ರಂಥ. ದಿಗಂಬರ ಜೈನ ಮುನಿಗಳ ಇಪ್ಪತ್ತೆಂಟು ಮೂಲಗುಣಗಳಲ್ಲಿ ಕೇಶಲೋಚ, ಅಸ್ನಾನ, ಕ್ಷಿತಿಶಯನಗಳಂತೆ ಅದಂತಧಾವನವೂ ಒಂದು. ವಟ್ಟಕೇರರ ಮೂಲಾಚಾರವು ಇದನ್ನು ವಿವರಿಸುತ್ತ, ಬೆರಳು, ಉಗುರು, ಕಡ್ಡಿ, ಕಲ್ಲು, ಮರದ ತೊಗಟೆ ಮುಂತಾದವುಗಳಿಂದ ಹಲ್ಲಿನ ಕೊಳೆಯನ್ನು ತೆಗೆಯದಿರುವುದೇ ಈ ಗುಣವೆಂದು ಹೇಳುತ್ತದೆ. ಚರಿತ್ರೆಯ ವಿದ್ಯಾರ್ಥಿಗೆ ಈ ನಿಷೇಧದ ಪಟ್ಟಿ ಅಮೂಲ್ಯವಾದುದು. ಮುನಿಯು ಬಿಡಬೇಕಾದ ವಸ್ತುಗಳೆಲ್ಲ ಗೃಹಸ್ಥನು ಹಿಡಿದಿದ್ದ ವಸ್ತುಗಳೇ ಆಗಿರಬೇಕಷ್ಟೆ. ವೈದ್ಯಸಂಹಿತೆಗಳು ಆಯ್ದ ಮರಗಳ ಹೆಸರನ್ನು ಹೇಳಿದರೆ, ಕಲ್ಲು, ಉಗುರುಗಳ ಸಾಮಾನ್ಯ ಜಗತ್ತು ಈ ಪಟ್ಟಿಯಲ್ಲಿ ಉಳಿದುಬಂದಿದೆ. ಶ್ರವಣಬೆಳಗೊಳ, ಕೊಪ್ಪಳಗಳಂತಹ ಕ್ಷೇತ್ರಗಳಲ್ಲಿ ಶತಮಾನಗಳ ಕಾಲ ಈ ವ್ರತವನ್ನು ಪಾಲಿಸಿದ ಮುನಿಗಳಿದ್ದರು. ದಿನಕ್ಕೊಮ್ಮೆ ನಿಂತು ಆಹಾರ ಸ್ವೀಕರಿಸಿ, ಬಾಯಿ ಮುಕ್ಕಳಿಸಿ, ಮತ್ತೆ ಏನನ್ನೂ ಮುಟ್ಟದ ಅವರ ಆಹಾರಕ್ರಮದಲ್ಲಿ ಹಲ್ಲಿಗೆ ಅಂಟುವ ಸಿಹಿತಿನಿಸುಗಳಿಗೆ ಅವಕಾಶ ಕಡಿಮೆ ಎಂಬುದನ್ನೂ ಗಮನಿಸಬೇಕು. ಆದರೆ ವ್ರತದ ಉದ್ದೇಶ ಆರೋಗ್ಯವಲ್ಲ. ದೇಹದ ಅಲಂಕಾರವನ್ನು, ಲೋಕದ ಮೆಚ್ಚುಗೆಯನ್ನು ತೊರೆಯುವುದು. ಸಮಾಜ ಬಾಯಿಯ ಶುಚಿತ್ವಕ್ಕೆ ಎಷ್ಟು ಬೆಲೆ ಕೊಡುತ್ತಿತ್ತೆಂಬುದು ಅದನ್ನು ತ್ಯಾಗವೆಂದು ಪರಿಗಣಿಸಿದ್ದರಿಂದಲೇ ತಿಳಿಯುತ್ತದೆ.

ಗೃಹಸ್ಥನ ಬಾಯಿಯ ಪರಿಮಳಕ್ಕೆ ತಾಂಬೂಲವಿತ್ತು. ಜಾಯಿಕಾಯಿ, ಲವಂಗ, ಏಲಕ್ಕಿ, ಪಚ್ಚಕರ್ಪೂರ, ಅಡಕೆ, ವೀಳ್ಯದೆಲೆಗಳನ್ನು ಬಾಯಲ್ಲಿ ಇರಿಸಿಕೊಳ್ಳಬೇಕೆಂದು ಚರಕಸಂಹಿತೆಯೇ ಹೇಳುತ್ತದೆ. ಕಲ್ಯಾಣ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು (ಆಳ್ವಿಕೆ 1126–1138) ರಚಿಸಿದ ಮಾನಸೋಲ್ಲಾಸವು ತಾಂಬೂಲವನ್ನು ಅರಸನ ಭೋಗಗಳಲ್ಲೊಂದಾಗಿ ಪರಿಗಣಿಸಿ ನಿರೂಪಿಸಿದೆ. 1443ರಲ್ಲಿ ವಿಜಯನಗರಕ್ಕೆ ಬಂದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕನಿಗೆ ಎರಡನೆಯ ದೇವರಾಯನ ಆಸ್ಥಾನದಲ್ಲಿ ವೀಳ್ಯದ ಸತ್ಕಾರ ದೊರೆಯಿತು. ಈ ಎಲೆ ಮುಖಕ್ಕೆ ಕಳೆ ತರುತ್ತದೆ, ಹಸಿವನ್ನು ತಣಿಸುತ್ತದೆ, ಬಾಯಿಯ ದುರ್ಗಂಧವನ್ನು ಕಳೆಯುತ್ತದೆ, ಹಲ್ಲನ್ನು ಗಟ್ಟಿಮಾಡುತ್ತದೆ ಎಂದು ಆತ ಬರೆದಿಟ್ಟಿದ್ದಾನೆ. ಅಂದು ಅವನು ಮೆಚ್ಚಿದ ವೀಳ್ಯದಲ್ಲಿ ಹೊಗೆಸೊಪ್ಪು ಇರಲಿಲ್ಲ. ಅಮೆರಿಕ ಖಂಡದ ಆ ಸಸ್ಯವನ್ನು ಪೋರ್ಚುಗೀಸರು ಪಶ್ಚಿಮ ಕರಾವಳಿಗೆ ತಂದದ್ದು ಮುಂದಿನ ಶತಮಾನದಲ್ಲಿ. ಅಕ್ಬರನ ಆಸ್ಥಾನಕ್ಕೆ ಹೊಗೆಸೊಪ್ಪು ತಲುಪಿದ್ದೇ ಬಿಜಾಪುರದಿಂದ. ಆದಿಲ್‌ಶಾಹಿ ರಾಜಧಾನಿಗೆ ನಿಯೋಗಿಯಾಗಿ ಬಂದಿದ್ದ ಅಸದ್ ಬೇಗನು 1604ರ ಸುಮಾರಿಗೆ ಅದನ್ನು ಕೊಂಡೊಯ್ದು ಚಕ್ರವರ್ತಿಯ ಮುಂದಿಟ್ಟ ಪ್ರಸಂಗವನ್ನು ತಾನೇ ದಾಖಲಿಸಿದ್ದಾನೆ.

ಹೊಗೆಸೊಪ್ಪು ವೀಳ್ಯದೊಳಗೆ ಸೇರಿತು. ಹುರಿದು ಪುಡಿಮಾಡಿದ ಹೊಗೆಸೊಪ್ಪು ಬೆಳಗಾವಿ ಸೀಮೆಯಲ್ಲಿ ಮಿಶ್ರಿಯೆಂಬ ಹೆಸರಿನಲ್ಲಿ ಹಲ್ಲುಜ್ಜುವ ಪುಡಿಯೇ ಆಯಿತು. ಹಲ್ಲಿಗೆ ನಶ್ಯ ತಿಕ್ಕುವ ರೂಢಿ ಹಳೆಯ ಮೈಸೂರಿನ ಕಡೆಯೂ ಇತ್ತು. ಹಲ್ಲುನೋವು ಶಮನವಾಗುತ್ತದೆಂಬ ನಂಬಿಕೆಯಿಂದ ಹೆಣ್ಣುಮಕ್ಕಳು ಆರಂಭಿಸಿದ ಈ ಅಭ್ಯಾಸ ಕ್ರಮೇಣ ಬಿಡಲಾಗದ ಚಟವಾಗುತ್ತಿತ್ತು. ಹೊಗೆಸೊಪ್ಪು ಬೆರೆತ ಹಲ್ಲುಪುಡಿ, ಪೇಸ್ಟುಗಳನ್ನು ಭಾರತ ಸರಕಾರ ನಿಷೇಧಿಸಿದ್ದು 1992ರಲ್ಲಿ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1985ರಲ್ಲಿ ಹೊಗೆಸೊಪ್ಪು ಸಹಿತವಾದ ವೀಳ್ಯವನ್ನೂ, 2004ರಲ್ಲಿ ಪ್ರಕಟವಾದ ವರದಿಯಲ್ಲಿ ಹೊಗೆಸೊಪ್ಪು ಇಲ್ಲದ ವೀಳ್ಯ ಮತ್ತು ಅಡಕೆಯನ್ನೂ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು. ಬಾಯಿ ತೆರೆಯಲಾಗದಂತೆ ಕೆನ್ನೆಯ ಒಳಪದರ ಗಟ್ಟಿಯಾಗುವ ಬೇನೆಗೂ ಅಡಕೆಯೇ ಮುಖ್ಯ ಕಾರಣವೆಂಬುದು ಸಿದ್ಧವಾಗಿದೆ. ಮಲೆನಾಡು, ಕರಾವಳಿಗಳ ಅಸಂಖ್ಯ ಕುಟುಂಬಗಳ ಜೀವನೋಪಾಯವೂ, ಮದುವೆಯಿಂದ ಶ್ರಾದ್ಧದವರೆಗೆ ಎಲ್ಲ ಕಾರ್ಯಗಳ ಮರ್ಯಾದೆಯ ವಸ್ತುವೂ ಆದ ಅಡಕೆಯ ವಿಷಯದಲ್ಲಿ ಈ ತೀರ್ಮಾನವನ್ನು ಒಪ್ಪಿಕೊಳ್ಳುವುದು ಸುಲಭವಲ್ಲ. ಊಟದ ಮೇಲಿನ ಒಂದು ವೀಳ್ಯಕ್ಕೂ ದಿನವಿಡೀ ಕೆನ್ನೆಯಲ್ಲಿರುವ ಗುಟ್ಕಾಕ್ಕೂ ಪ್ರಮಾಣದಲ್ಲಿ ಅಗಾಧವಾದ ಅಂತರವಿದೆ ಎಂಬುದು ನಿಜ. ಆದರೂ ಬಾಯಿಯ ಪರಿಮಳಕ್ಕೆಂದು ಶಾಸ್ತ್ರವೇ ವಿಧಿಸಿದ ವಸ್ತು ಬಾಯಿಯನ್ನು ಕೆಡಿಸಬಲ್ಲದೆಂಬ ಸಂಗತಿಯನ್ನು ಬದಿಗಿಟ್ಟು ಈ ಚರಿತ್ರೆಯನ್ನು ಬರೆಯಲಾಗದು.

ಹಳ್ಳಿಗಳ ಮಟ್ಟಿಗೆ ಹಲ್ಲುಜ್ಜುವ ಸಾಮಗ್ರಿ ಸುತ್ತಲಿನ ನೆಲದಿಂದಲೇ ಬರುತ್ತಿತ್ತು. ಬಯಲುಸೀಮೆಯಲ್ಲಿ ಬೇವು, ಹೊಂಗೆ, ಜಾಲಿ, ಉತ್ತರಣಿಯ ಕಡ್ಡಿ. ಕರಾವಳಿಯಲ್ಲಿ ಮಡಿಸಿದ ಮಾವಿನೆಲೆ, ಅದರ ನಡುನರದಿಂದಲೇ ನಾಲಗೆಯ ಶುದ್ಧಿ. ಭತ್ತದ ಹೊಟ್ಟು ಸುಟ್ಟ ಕರಿ, ಒಲೆಯ ಇದ್ದಿಲು, ಕುರುಳಿನ ಬೂದಿ, ಉಪ್ಪು, ಕೆಲವೆಡೆ ಇಟ್ಟಿಗೆಯ ಪುಡಿ. ಮುಸಲ್ಮಾನರಲ್ಲಿ ಮಿಸ್ವಾಕ್ ಕಡ್ಡಿಯ ಬಳಕೆಗೆ ಪ್ರವಾದಿಯವರ ಆದರ್ಶದ ಬಲವಿತ್ತು. ಇವೆಲ್ಲವೂ ಸಮಾನವಾಗಿ ಹಿತಕರವಾಗಿದ್ದವೆಂದು ಹೇಳಲಾಗದು. ಕಡ್ಡಿಯ ನಾರು ಪಾಚಿಯನ್ನು ತೆಗೆದರೆ, ಇಟ್ಟಿಗೆಪುಡಿ, ಒರಟು ಇದ್ದಿಲು ಹಲ್ಲಿನ ಹೊಳಪಿನ ಪದರವನ್ನೇ ಸವೆಸುತ್ತಿದ್ದವು. ಹಲ್ಲು ಜುಮ್ಮೆನ್ನುತ್ತದೆಂದು ದೂರುವ ಹಿರಿಯರ ಹಲ್ಲಿನ ಬುಡದಲ್ಲಿ ಕಾಣುವ ಸವೆತಕ್ಕೆ ಇಂತಹ ಉಜ್ಜುವಿಕೆಯೂ ಒಂದು ಕಾರಣ.

ಮನೆಯ ಇದ್ದಿಲಿನಿಂದ ಅಂಗಡಿಯ ಪೊಟ್ಟಣದ ಕಡೆಗೆ ಜನ ಹೊರಳಿದ್ದು ಇಪ್ಪತ್ತನೆಯ ಶತಮಾನದಲ್ಲಿ. ಮೈಸೂರು ಸಂಸ್ಥಾನದಲ್ಲಿ ಈ ಬದಲಾವಣೆಯ ಹೆಗ್ಗುರುತು ನಂಜನಗೂಡಿನ ಹಲ್ಲುಪುಡಿ. ಬಿ.ವಿ. ಪಂಡಿತರು 1913ರಲ್ಲಿ ನಂಜನಗೂಡಿನಲ್ಲಿ ಸ್ಥಾಪಿಸಿದ ಸದ್ವೈದ್ಯಶಾಲೆಯಿಂದ ಹೊರಬಂದ ಈ ಪುಡಿ ತಲೆಮಾರುಗಳ ಕಾಲ ಮನೆಮಾತಾಗಿತ್ತು. ರಸಬಾಳೆಯಷ್ಟೇ ಪ್ರಸಿದ್ಧವಾಗಿ ಊರಿನ ಹೆಸರನ್ನು ಹೊತ್ತು ತಿರುಗಿತು. ಮುಂಬಯಿಯಿಂದ ಬರುತ್ತಿದ್ದ ಮಂಕಿ ಬ್ರಾಂಡ್ ಕಪ್ಪು ಹಲ್ಲುಪುಡಿಯೂ ಜನಪ್ರಿಯವಾಗಿತ್ತು. ಹಿತ್ತಿಲಲ್ಲಿ ಪುಕ್ಕಟೆ ದೊರೆಯುತ್ತಿದ್ದ ವಸ್ತುವಿಗೆ ಜನ ಕಾಸು ಕೊಡಲು ಒಪ್ಪಿದ್ದು ಹೇಗೆ ಎಂಬುದು ವಿಚಾರಾರ್ಹ. ಪಟ್ಟಣದ ಬಾಡಿಗೆಮನೆಗಳಲ್ಲಿ ಬೇವಿನ ಮರವಾಗಲಿ ಒಲೆಯ ಬೂದಿಯಾಗಲಿ ಸುಲಭವಾಗಿ ಸಿಗುತ್ತಿರಲಿಲ್ಲ. ಆಯುರ್ವೇದದ ಹೆಸರಿನ ಪುಡಿಯಲ್ಲಿ ಹಳೆಯದರ ಭರವಸೆಯೂ ಹೊಸದರ ಅಚ್ಚುಕಟ್ಟೂ ಒಟ್ಟಿಗಿದ್ದವು.

ಬ್ರಷ್ಷಿನ ಪ್ರವೇಶ ನಿಧಾನವಾಗಿ ಆಯಿತು. ಇಂಗ್ಲೆಂಡಿನಲ್ಲಿ ವಿಲಿಯಂ ಆಡಿಸ್ 1780ರ ಸುಮಾರಿಗೆ ಹಲ್ಲುಜ್ಜುವ ಬ್ರಷ್ಷಿನ ತಯಾರಿಕೆಯನ್ನು ದೊಡ್ಡ ಪ್ರಮಾಣದಲ್ಲಿ ಆರಂಭಿಸಿದನೆನ್ನಲಾಗಿದೆ. ಮೂಳೆಯ ಹಿಡಿ, ಹಂದಿಯ ಕೂದಲುಗಳ ಆ ಸಾಧನವನ್ನು ಬಾಯಿಗಿಡಲು ಭಾರತದ ಬಹುಪಾಲು ಜನ ಒಪ್ಪುವ ಸಂಭವವಿರಲಿಲ್ಲ. ಎಂಜಲಿನ ಭಾವನೆಯೂ ಅಡ್ಡಬಂದಿರಬೇಕು. ಕಡ್ಡಿಯನ್ನು ಒಮ್ಮೆ ಬಳಸಿ ಬಿಸಾಡುವ ಜನಕ್ಕೆ ನಿನ್ನೆ ಬಾಯಲ್ಲಿಟ್ಟದ್ದನ್ನು ಇಂದು ಮತ್ತೆ ಇಡುವುದು ಅಸಹ್ಯವಾಗಿ ತೋರಿದ್ದರೆ ಆಶ್ಚರ್ಯವಿಲ್ಲ. 1938ರಲ್ಲಿ ಅಮೆರಿಕದಲ್ಲಿ ನೈಲಾನ್ ಎಳೆಯ ಬ್ರಷ್ ಮಾರುಕಟ್ಟೆಗೆ ಬಂದ ಮೇಲೆ ಮೊದಲ ಆಕ್ಷೇಪ ತಾನಾಗಿ ಬಿದ್ದುಹೋಯಿತು. ಕೋಲ್ಗೇಟ್ ಸಂಸ್ಥೆ ಭಾರತದಲ್ಲಿ ವ್ಯವಹಾರ ಆರಂಭಿಸಿದ್ದು ಅದರ ಹಿಂದಿನ ವರ್ಷ, 1937ರಲ್ಲಿ.

ಒಮ್ಮೆ ಬಳಸಿ ಬಿಸಾಡುವ ರೂಢಿಯನ್ನು ಪ್ರಶ್ನಿಸಿದವರೂ ಇದ್ದರು. 1930ರಲ್ಲಿ ಯೆರವಡಾ ಸೆರೆಮನೆಯಲ್ಲಿ ಗಾಂಧೀಜಿಯವರ ಜೊತೆಗಿದ್ದ ಕಾಕಾ ಕಾಲೇಲ್ಕರರು, ನಾಲ್ಕು ಬೇವಿನೆಲೆ ಬೇಕಾಗಿದ್ದಾಗ ಒಂದು ಇಡೀ ರೆಂಬೆಯನ್ನೇ ಮುರಿದು ತಂದುದನ್ನು ಗಾಂಧೀಜಿ ಹಿಂಸೆಯೆಂದು ಕರೆದರೆಂದೂ, ಹಲ್ಲುಜ್ಜಿದ ಕಡ್ಡಿಯ ತುದಿಯನ್ನಷ್ಟೇ ಕತ್ತರಿಸಿ ಉಳಿದುದನ್ನು ಮರುದಿನಕ್ಕೆ ಇಟ್ಟುಕೊಳ್ಳಲು ಹೇಳಿದರೆಂದೂ ಸ್ಮರಿಸಿದ್ದಾರೆ. ಬೇವಿಗೇನೂ ಕೊರತೆಯಿರದ ಸೆರೆಮನೆಯ ಅಂಗಳದಲ್ಲಿ ನಡೆದ ಮಾತಿದು.

ಹಲ್ಲಿನ ಪಾಚಿಯಲ್ಲಿ ಜೀವಿಗಳಿವೆ ಎಂಬುದನ್ನು ಮೊದಲು ಕಂಡವನು ಹಾಲೆಂಡಿನ ಬಟ್ಟೆವ್ಯಾಪಾರಿ ಲೇವನ್‌ಹುಕ್. ದಿನವೂ ಉಪ್ಪಿನಿಂದ ಹಲ್ಲುಜ್ಜುತ್ತಿದ್ದ ಆತ 1683ರಲ್ಲಿ ತನ್ನ ಹಲ್ಲಿನ ಸಂದಿನ ಬಿಳಿಯ ಪದಾರ್ಥವನ್ನು ಸೂಕ್ಷ್ಮದರ್ಶಕದಡಿ ಇಟ್ಟು, ಚಲಿಸುವ ಕಿರುಜೀವಿಗಳನ್ನು ಕಂಡು ಲಂಡನ್ನಿನ ರಾಯಲ್ ಸೊಸೈಟಿಗೆ ವರದಿ ಮಾಡಿದನು. ಆ ಜೀವಿಗಳು ಸಕ್ಕರೆ, ಪಿಷ್ಟಗಳನ್ನು ಹುದುಗಿಸಿ ಉಂಟುಮಾಡುವ ಆಮ್ಲದಿಂದ ಹಲ್ಲು ಕೊಳೆಯುತ್ತದೆಂಬ ಸಿದ್ಧಾಂತವನ್ನು ಡಬ್ಲ್ಯು.ಡಿ. ಮಿಲ್ಲರ್ 1890ರ ತನ್ನ ಗ್ರಂಥದಲ್ಲಿ ಮಂಡಿಸಿದನು. ಹಲ್ಲಿನೊಳಗೆ ಹುಳುವಿದೆ ಎಂಬ ಹಳೆಯ ಕಲ್ಪನೆ ಶಾಸ್ತ್ರದಿಂದ ಮರೆಯಾದರೂ ನಮ್ಮ ಆಡುಮಾತಿನಲ್ಲಿ ಹುಳುಕುಹಲ್ಲಾಗಿ ಉಳಿದಿದೆ. ಸಕ್ಕರೆ ಎಲ್ಲರ ಕೈಗೆಟುಕುವ ವಸ್ತುವಾದಂತೆ ಹಲ್ಲುಗಳ ಹುಳುಕೂ ಹೆಚ್ಚಿತೆಂಬುದು ಜಗತ್ತಿನ ಅನೇಕ ದೇಶಗಳ ಅನುಭವ. ಚರಕ ಹೇಳಿದ ಎರಡು ಹೊತ್ತಿನ ದಂತಧಾವನ ನಮ್ಮಲ್ಲಿ ಬಹುಮಟ್ಟಿಗೆ ಒಂದು ಹೊತ್ತಿಗೆ ಇಳಿದುಹೋಗಿತ್ತು. ರಾತ್ರಿ ಮಲಗುವ ಮುನ್ನ ಹಲ್ಲುಜ್ಜಬೇಕೆಂಬ ಮಾತನ್ನು ಆಧುನಿಕ ದಂತವೈದ್ಯರು ಹೊಸ ಉಪದೇಶವೆಂಬಂತೆ ಹೇಳಬೇಕಾಯಿತು. ಬೆಂಗಳೂರಿನ ಸರಕಾರಿ ದಂತವೈದ್ಯ ಕಾಲೇಜು 1958ರಲ್ಲಿ, ಮಣಿಪಾಲದ ಕಾಲೇಜು 1965ರಲ್ಲಿ ಆರಂಭವಾದ ಮೇಲೆ ಈ ಉಪದೇಶಕ್ಕೆ ನಾಡಿನಲ್ಲಿ ಸಾಂಸ್ಥಿಕ ಬೆಂಬಲ ದೊರೆಯಿತು.

ಅಭ್ಯಾಸವೊಂದರಿಂದಲೇ ಹಲ್ಲನ್ನು ಕಾಪಾಡಲಾಗದ ಸಂದರ್ಭವನ್ನೂ ಇಲ್ಲಿ ಉಲ್ಲೇಖಿಸಬೇಕು. ಕೋಲಾರ, ತುಮಕೂರು, ಚಿತ್ರದುರ್ಗ, ಬಳ್ಳಾರಿ, ರಾಯಚೂರು ಮೊದಲಾದ ಜಿಲ್ಲೆಗಳ ಅನೇಕ ಊರುಗಳ ಅಂತರ್ಜಲದಲ್ಲಿ ಫ್ಲೋರೈಡಿನ ಅಂಶ ಅಧಿಕವಾಗಿದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಮಿಗಿಂತ ಹೆಚ್ಚು ಫ್ಲೋರೈಡ್ ಇರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಹಲ್ಲು ರೂಪುಗೊಳ್ಳುವ ಬಾಲ್ಯದಲ್ಲಿ ಇದಕ್ಕಿಂತ ಹೆಚ್ಚಿನ ಫ್ಲೋರೈಡ್ ಒಡಲು ಸೇರಿದರೆ ಹಲ್ಲಿನ ಮೇಲೆ ಸುಣ್ಣದಂತಹ ಮಚ್ಚೆಗಳೂ, ತೀವ್ರವಾದಾಗ ಹಳದಿ, ಕಂದು ಪಟ್ಟೆಗಳೂ ಮೂಡುತ್ತವೆ. ಅಮೆರಿಕದ ಕೊಲೊರಾಡೊದಲ್ಲಿ ಫ್ರೆಡರಿಕ್ ಮೆಕೇ ಎಂಬ ದಂತವೈದ್ಯ 1901ರಿಂದ ಹಿಂಬಾಲಿಸಿದ ಈ ಕಲೆಗಳ ಕಾರಣ ಬಯಲಾದದ್ದು 1931ರಲ್ಲಿ. ಭಾರತದಲ್ಲಿ ಇದರ ಮೊದಲ ವೈದ್ಯಕೀಯ ವರದಿ 1937ರಲ್ಲಿ ಅಂದಿನ ಮದರಾಸು ಪ್ರಾಂತದ ನೆಲ್ಲೂರು ಜಿಲ್ಲೆಯಿಂದ ಬಂದಿತು. ಅದೇ ಫ್ಲೋರೈಡು ಅಲ್ಪಪ್ರಮಾಣದಲ್ಲಿ ಹುಳುಕನ್ನು ತಡೆಯುತ್ತದೆಂದು ತಿಳಿದು ಪೇಸ್ಟುಗಳಿಗೆ ಸೇರಿಸಲಾಯಿತೆಂಬುದು ಈ ಕಥೆಯ ಇನ್ನೊಂದು ಮುಖ.

ಬಯಲುಸೀಮೆಯಲ್ಲಿ ಕೆರೆ, ತೆರೆದ ಬಾವಿಗಳು ಬತ್ತಿ, ಕೊಳವೆಬಾವಿಗಳು ಆಳಕ್ಕೆ ಇಳಿದಂತೆ ಹೆಚ್ಚು ಜನ ಈ ನೀರನ್ನೇ ಅವಲಂಬಿಸಬೇಕಾಯಿತು. ಪಾವಗಡದಂತಹ ತಾಲೂಕಿನಲ್ಲಿ ಬೆಳೆದವರ ಹಲ್ಲಿನ ಕಂದು ಕಲೆ ಬೇವಿನ ಕಡ್ಡಿಯಿಂದಲೂ ಹೋಗದು, ಬ್ರಷ್ಷಿನಿಂದಲೂ ಹೋಗದು. ಅದು ಹಲ್ಲಿನ ಮೇಲೆ ಕುಳಿತ ಕೊಳೆಯಲ್ಲ, ಹಲ್ಲು ರೂಪುಗೊಳ್ಳುವಾಗಲೇ ಒಳಗೆ ಸೇರಿದ ದೋಷ. ಆದರೂ ಶಾಲೆಯಲ್ಲಿ, ಕೆಲಸದ ಸಂದರ್ಶನದಲ್ಲಿ, ಹೆಣ್ಣು ನೋಡುವ ಶಾಸ್ತ್ರದಲ್ಲಿ ಅದನ್ನು ಕಂಡವರು ಹಲ್ಲುಜ್ಜದ ಸೋಮಾರಿತನವೆಂದೇ ತಿಳಿಯುತ್ತಾರೆ. ನಕ್ಕಾಗ ಬಾಯಿಗೆ ಕೈ ಅಡ್ಡ ಹಿಡಿಯುವ ಅಭ್ಯಾಸ ಆ ಊರುಗಳ ಮಕ್ಕಳಲ್ಲಿ ಬೆಳೆಯುವುದು ಇದರಿಂದಲೇ.